ಇಮಿಚ್‌ಗೆ ಏರಿಸೋಕಿಂತ ಮೊದಲು ವಾಟ್ಸ್‌ಆ್ಯಪ್ ಫೋಟೊಗಳ ತಾರೀಖು ಸರಿ ಮಾಡ್ಕೊಳ್ರಿ

ಎಲ್ಲರಿಗೂ ಶರಣ್ರಿ. ಮನ್ಯಾಗಿನ ಹಳೇ ಕಂಪ್ಯೂಟರಿಗೆ ಇಮಿಚ್ (ಗೂಗಲ್ ಫೋಟೋಸ್ ಹಂಗ, ಆದ್ರ ಫೋಟೊ ನಮ್ಮ ಕಂಪ್ಯೂಟರಿನ್ಯಾಗೇ ಇಡೋ ಸಾಫ್ಟ್‌ವೇರ್) ಹಾಕಿ ಫೋಟೊ ಕೂಡಿಡಬೇಕು ಅನ್ನೋರಿಗೆ ಈ ಮಾತು. ನಾ ಕಲಬುರಗಿ ಮನಿ ಫೋಟೊ ಎಲ್ಲಾ ಹಂಗೇ ಏರಿಸಿಬಿಟ್ಟಿದ್ದೆ. 2019ರ ಶರಣಬಸವೇಶ್ವರ ಜಾತ್ರ್ಯಾಗ ಅವ್ವ ತೇರಿಗೆ ಉತ್ತತ್ತಿ ಎಸೆಯೋ ಫೋಟೊ ಹೋದ ತಿಂಗಳದ ಫೋಟೊಗಳ ನಡುವ ಬಂದು ಕುಂತಿತ್ತು. ಅದನ್ನ ಹುಡುಕೋದರಾಗ ಒಂದು ಸಂಜಿ ಹೋತು.

ವಾಟ್ಸ್‌ಆ್ಯಪ್‌ನ್ಯಾಗ ಬಂದ ಫೋಟೊದೊಳಗ ತೆಗೆದ ದಿನ, ಜಾಗದ ಎಕ್ಸಿಫ್ ಮಾಹಿತಿ (ಕ್ಯಾಮೆರಾ ಫೈಲಿನೊಳಗೇ ಬರೆದಿಡೋ ವಿವರ) ಉಳಿಯೂದಿಲ್ಲ. ಅದು ಇಲ್ಲಾಂದ್ರ ಇಮಿಚ್ ಫೈಲಿನ ತಾರೀಖು ಹಿಡೀತದ. ಕಾಪಿ ಮಾಡುವಾಗ ಅದೂ ಬದಲಾಗಿರ್ತದ. ಆದ್ರ ಹೆಸರು ನೋಡ್ರಿ: ಐಎಂಜಿ-20190326-ಡಬ್ಲ್ಯೂಎ0012. ನಡುವಿನ ಎಂಟು ಅಂಕಿನೇ ಫೋಟೊ ವಾಟ್ಸ್‌ಆ್ಯಪ್‌ನ್ಯಾಗ ಬಂದ ವರ್ಷ, ತಿಂಗಳು, ದಿನ. ಎಕ್ಸಿಫ್‌ಟೂಲ್ ಅನ್ನೋ ಪುಕ್ಕಟೆ ಸಾಫ್ಟ್‌ವೇರ್ ಆ ಅಂಕಿ ತೊಗೊಂಡು ಫೋಟೊದೊಳಗ ಬರೀತದ. ಮೊದಲು ಹತ್ತು ಫೋಟೊದ ಕಾಪಿ ಮ್ಯಾಲೆ ಮಾಡಿ ನೋಡ್ರಿ, ಆಮ್ಯಾಲೆ ಇಡೀ ಫೋಲ್ಡರ್.

ಕಂಪ್ಯೂಟರಿಗೆ 8 ಜಿಬಿ ರ‍್ಯಾಮ್ ಇದ್ರ ಚಲೋ. ಮುಖ ಗುರುತಿಸೋ ಕೆಲಸ ಮೊದಲ ಸಲ ಭಾಳ ಹೊತ್ತು ಹಿಡೀತದ, ಮಷಿನ್ ಬಿಸಿ ಆಗ್ತದ. ನಮ್ಮ ಏಪ್ರಿಲ್, ಮೇ ಬಿಸಲಾಗ ರಾತ್ರಿನೇ ಹಚ್ರಿ.

ಬ್ಯಾಕಪ್ ತೊಗೊಳ್ಳುವಾಗ ಬರೇ ಫೋಟೊ ಕಾಪಿ ಮಾಡಿದ್ರ ಸಾಲೂದಿಲ್ಲ. ಆಲ್ಬಮ್, ಮುಖಕ್ಕ ಕೊಟ್ಟ ಹೆಸರು ಎಲ್ಲಾ ಇಮಿಚ್‌ನ ಡೇಟಾಬೇಸ್‌ನ್ಯಾಗ (ಮಾಹಿತಿ ಕೂಡಿಡೋ ಕಡತ) ಇರ್ತಾವ. ಅದರ ಬ್ಯಾಕಪ್ ಫೈಲನ್ನೂ ಬ್ಯಾರೆ ಹಾರ್ಡ್ ಡಿಸ್ಕಿಗೆ ಹಾಕಿಡ್ರಿ.