ತುಕ್ಕು ಎಲ್ಲಿಂದ ಶುರುವಾಗುತ್ತದೆ? ಪುಟ್ಟ ತಗಡಿನ ಶೆಡ್ ಕಟ್ಟಿ ಹಳೆಯದಾಗಿಸುವ ಬಗೆ

ಡಯೊರಾಮಾ, ಅಂದರೆ ಒಂದು ದೃಶ್ಯದ ಪುಟ್ಟ ಪ್ರತಿರೂಪ, ಮಾಡಲು ಕೂತವರು ಮಾದರಿಯನ್ನು ಕಟ್ಟಲು ವಾರಗಟ್ಟಲೆ ತಾಳ್ಮೆ ತೋರಿಸುತ್ತಾರೆ. ಅದನ್ನು ಹಳೆಯದಾಗಿಸುವ ಕೆಲಸವನ್ನು ಮಾತ್ರ ಒಂದೇ ಸಂಜೆಯಲ್ಲಿ ಮುಗಿಸಿಬಿಡುತ್ತಾರೆ. ಕಂದು ಬಣ್ಣವನ್ನು ತೆಳುಮಾಡಿ ಮೇಲಿನಿಂದ ಕೆಳಗಿನವರೆಗೆ ಬಳಿದರೆ ಆಯಿತು ಎಂಬ ನಂಬಿಕೆ ಅವರದು. ಹಾಗೆ ಬಳಿದ ಮಾದರಿ ಕೊಳೆಯಾಗಿ ಕಾಣುತ್ತದೆಯೇ ಹೊರತು ಹಳೆಯದಾಗಿ ಕಾಣುವುದಿಲ್ಲ. ಮಳೆ ಹರಿದ ಕಡೆ ಒಂದು ಗುರುತು, ಬಿಸಿಲು ಬಿದ್ದ ಕಡೆ ಇನ್ನೊಂದು, ಕೈ ತಗಲಿದ ಕಡೆ ಮತ್ತೊಂದು, ಧೂಳು ಕೂತ ಕಡೆ ಬೇರೆಯೇ ಒಂದು. ಎಲ್ಲಿ ಯಾವುದು ಎಂದು ತಿಳಿದು ಕುಂಚ ಹಿಡಿಯುವುದೇ ಈ ಕಲೆಯ ಅರ್ಧ ಭಾಗ.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಒಂದು ಸಣ್ಣ ಶೆಡ್: ಹಲಗೆ ಗೋಡೆ, ಅಲೆ ತಗಡಿನ ಚಾವಣಿ, ಒಂದು ಬಾಗಿಲು, ಹೊರಗೆ ಒಂದು ಎಣ್ಣೆ ಡ್ರಮ್, ಅಂಗಳವೆನ್ನಬಹುದಾದಷ್ಟು ನೆಲ. ಇಷ್ಟರಲ್ಲಿ ಕಲಿತದ್ದು ರೈಲು ಬೋಗಿಗೂ ಲಾರಿಗೂ ಹಳೆಯ ಕಾರ್ಖಾನೆಗೂ ಸಲ್ಲುತ್ತದೆ.

ಮೊದಲು ಕಾಗದದ ಮೇಲೆ ನೀರು ಹರಿಸಿ

ಕಟರ್ ಎತ್ತಿಕೊಳ್ಳುವ ಮೊದಲು ಶೆಡ್ಡಿನ ನಾಲ್ಕೂ ಬದಿಯನ್ನು ಪೆನ್ಸಿಲ್‌ನಲ್ಲಿ ಬರೆದುಕೊಳ್ಳಿ. ಮಳೆ ನೀರು ಚಾವಣಿಯ ಮೇಲೆ ಬಿದ್ದು ಎಲ್ಲಿಗೆ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ತೊಟ್ಟಿಕ್ಕುತ್ತದೆ ಎಂದು ಬಾಣದ ಗುರುತು ಹಾಕಿ. ಬಿಸಿಲು ಯಾವ ಗೋಡೆಗೆ ಹೆಚ್ಚು? ಬಾಗಿಲು ಯಾವ ಕಡೆಗೆ ತೆರೆಯುತ್ತದೆ, ಕೈ ಯಾವ ಎತ್ತರಕ್ಕೆ ತಗಲುತ್ತದೆ? ಈ ನಕ್ಷೆ ಕೊನೆಯವರೆಗೂ ಮೇಜಿನ ಮೇಲಿರಲಿ.

ಅಮೆರಿಕದ ಫ್ರಾನ್ಸಿಸ್ ಗ್ಲೆಸ್ನರ್ ಲೀ 1940ರ ದಶಕದಲ್ಲಿ 1:12 ಅಳತೆಯ, ಅಂದರೆ ನಿಜಕ್ಕಿಂತ ಹನ್ನೆರಡು ಪಟ್ಟು ಚಿಕ್ಕದಾದ ಕೋಣೆಗಳನ್ನು ಮಾಡಿದ್ದು ಅಪರಾಧ ತನಿಖೆ ಕಲಿಸುವುದಕ್ಕಾಗಿ. ಗೊಂಬೆಗಳ ಕಾಲುಚೀಲವನ್ನು ಆಕೆ ಗುಂಡುಸೂಜಿಗಳಲ್ಲಿ ಹೆಣೆದಿದ್ದರು. ಆ ಕೋಣೆಗಳನ್ನು ನೋಡುವ ತನಿಖಾಧಿಕಾರಿ ಪ್ರತಿಯೊಂದು ಕಲೆಯೂ ಏಕೆ ಅಲ್ಲಿದೆ ಎಂದು ಕೇಳಿಕೊಳ್ಳಬೇಕಿತ್ತು. ನಮ್ಮ ಶೆಡ್ಡಿನಲ್ಲಿ ಅಪರಾಧವೇನೂ ನಡೆದಿಲ್ಲ, ಆದರೆ ನೋಡುವವರ ಕಣ್ಣು ತಿಳಿಯದೆಯೇ ಅದೇ ಪ್ರಶ್ನೆ ಕೇಳುತ್ತಿರುತ್ತದೆ.

ಅಳತೆಯ ಲೆಕ್ಕ

ಮೊದಲ ಸಲ ಮಾಡುವವರಿಗೆ 1:35 ಅಳತೆ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. 175 ಸೆಂ.ಮೀ ಎತ್ತರದ ಮನುಷ್ಯ ಇದರಲ್ಲಿ 5 ಸೆಂ.ಮೀ ಆಗುತ್ತಾನೆ. 1:72ರಲ್ಲಿ ಅವನೇ ಸುಮಾರು 24 ಮಿ.ಮೀ, ರೈಲು ಮಾದರಿಯವರು ಬಳಸುವ 1:87ರಲ್ಲಿ ಬರೀ 20 ಮಿ.ಮೀ. ನಿಜವಾದ ವಸ್ತುವಿನ ಅಳತೆಯನ್ನು ಮಿ.ಮೀ.ನಲ್ಲಿ ಬರೆದು 35ರಿಂದ ಭಾಗಿಸಿದರೆ ಸಾಕು. 2 ಮೀಟರ್ ಎತ್ತರದ ಬಾಗಿಲು 57 ಮಿ.ಮೀ, 20 ಸೆಂ.ಮೀ ಅಗಲದ ಹಲಗೆ 5.7 ಮಿ.ಮೀ.

ಉದ್ದ ಅಗಲವನ್ನು ಎಲ್ಲರೂ ಸರಿಯಾಗಿ ಲೆಕ್ಕ ಹಾಕುತ್ತಾರೆ. ತಪ್ಪುವುದು ದಪ್ಪದಲ್ಲಿ. ಒಂದು ಮಿ.ಮೀ ದಪ್ಪದ ರಟ್ಟಿನಿಂದ ಚಾವಣಿ ಮಾಡಿದರೆ ಅದು ನಿಜಕ್ಕೆ ಮೂರೂವರೆ ಸೆಂ.ಮೀ ದಪ್ಪದ ತಗಡಾಯಿತು! ಅಂಚು ನೋಡಿದೊಡನೆ ಆಟಿಕೆ ಎಂದು ಗೊತ್ತಾಗಿಬಿಡುತ್ತದೆ.

ಗೋಡೆ ಮತ್ತು ಬಾಗಿಲು

ಒಳಗಿನ ಚೌಕಟ್ಟನ್ನು ಪ್ಲಾಸ್ಟಿಕ್ ಹಾಳೆಯಿಂದಲೋ ಗಟ್ಟಿ ರಟ್ಟಿನಿಂದಲೋ ಮಾಡಿ, ಅದರ ಮೇಲೆ ಮರದ ತೆಳು ಪಟ್ಟಿಗಳನ್ನು ಅಂಟಿಸುತ್ತಾ ಹೋಗಿ. ಎಳೆ ಸಣ್ಣದಾಗಿರುವ ಮರವನ್ನೇ ಆರಿಸಿಕೊಳ್ಳಿ. ದೊಡ್ಡ ಎಳೆಯ ಮರ ಈ ಅಳತೆಯಲ್ಲಿ ಮರದಂತೆ ಕಾಣುವುದಿಲ್ಲ. ತಂತಿ ಬ್ರಷ್ಷಿನಿಂದ ಉದ್ದುದ್ದಕ್ಕೆ ಉಜ್ಜಿದರೆ ಮೃದು ಭಾಗ ಸವೆದು ಎಳೆಗಳು ಎದ್ದು ನಿಲ್ಲುತ್ತವೆ. ಪಟ್ಟಿಗಳ ತುದಿ ಒಂದೇ ಗೆರೆಯಲ್ಲಿ ಬರಬೇಕಿಲ್ಲ, ಒಂದೆರಡು ಸೀಳಿರಲಿ, ಒಂದನ್ನು ಹೊಸ ಮರದ ಬಣ್ಣದಲ್ಲೇ ಬಿಡಿ. ಯಾರೋ ರಿಪೇರಿ ಮಾಡಿದ್ದಾರೆ ಎಂದಾಗುತ್ತದೆ.

ಬಣ್ಣ ಹಚ್ಚದ ಮರ ಬಿಸಿಲು ಮಳೆಗೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ಬಿಸಿಲು ಮರದ ನಾರುಗಳನ್ನು ಬಿಗಿದು ಹಿಡಿದಿರುವ ಲಿಗ್ನಿನ್ ಎಂಬ ಅಂಶವನ್ನು ಒಡೆಯುತ್ತದೆ, ಮಳೆ ಅದನ್ನು ತೊಳೆದು ಒಯ್ಯುತ್ತದೆ. ಈ ಬೂದಿ ಬಣ್ಣಕ್ಕೆ ಪೇಂಟ್ ಬೇಕಿಲ್ಲ. ಉಕ್ಕಿನ ನಾರನ್ನು ವಿನೆಗರ್‌ನಲ್ಲಿ ಒಂದೆರಡು ದಿನ ನೆನೆಹಾಕಿ ಸೋಸಿಕೊಳ್ಳಿ. ಮರಕ್ಕೆ ಮೊದಲು ಗಟ್ಟಿ ಚಹಾ ಡಿಕಾಕ್ಷನ್ ಹಚ್ಚಿ, ಒಣಗಿದ ಮೇಲೆ ಈ ದ್ರವವನ್ನು ಸವರಿ. ಚಹಾದ ಒಗರಿಗೆ ಕಾರಣವಾದ ಟ್ಯಾನಿನ್ ಕಬ್ಬಿಣದೊಂದಿಗೆ ಸೇರಿ ಕಣ್ಣೆದುರೇ ಮರ ಕಪ್ಪು ಬೂದಿಗೆ ತಿರುಗುತ್ತದೆ. ನೆನೆಹಾಕಿದ ಜಾಡಿಯ ಮುಚ್ಚಳವನ್ನು ಮಾತ್ರ ಬಿಗಿ ಮಾಡಬೇಡಿ: ಕಬ್ಬಿಣ ಕರಗುವಾಗ ಜಲಜನಕ ಹೊರಬರುತ್ತದೆ. ಬಿಸಿಲು ಹೆಚ್ಚು ಬೀಳುವ ಗೋಡೆಗೆ ದ್ರವವನ್ನು ತೆಳುವಾಗಿಸಿ ಬೆಳ್ಳಿಬೂದಿ ಮಾಡಿ, ಸೂರಿನ ಕೆಳಗಿನ ನೆರಳಲ್ಲಿ ಮರದ ಕಂದು ಉಳಿದಿರಲಿ.

ಚಾವಣಿಯ ತಗಡು

ನಿಜವಾದ ಅಲೆ ತಗಡಿನಲ್ಲಿ ಒಂದು ಉಬ್ಬಿನಿಂದ ಮುಂದಿನ ಉಬ್ಬಿಗೆ ಸಾಮಾನ್ಯವಾಗಿ 76 ಮಿ.ಮೀ. ನಮ್ಮ ಅಳತೆಯಲ್ಲಿ ಅದು ಸುಮಾರು 2.2 ಮಿ.ಮೀ. ತಗಡಿನ ದಪ್ಪ ಅರ್ಧ ಮಿ.ಮೀ ಎಂದುಕೊಂಡರೆ ಮಾದರಿಯಲ್ಲಿ 0.014 ಮಿ.ಮೀ ಆಗಬೇಕು. ಆಹಾರ ಸುತ್ತುವ ಅಲ್ಯೂಮಿನಿಯಂ ಹಾಳೆ ಹೆಚ್ಚುಕಡಿಮೆ ಇಷ್ಟೇ ದಪ್ಪ ಇರುತ್ತದೆ! ಆದರೆ ಬೆರಳು ತಾಗಿದರೂ ಅದು ನಜ್ಜುಗುಜ್ಜಾಗುವುದರಿಂದ ನಾನು ಬಿಸಾಡುವ ಅಲ್ಯೂಮಿನಿಯಂ ತಟ್ಟೆಗಳ ತಳವನ್ನು ಬಳಸುತ್ತೇನೆ. ತುಸು ದಪ್ಪವಾದರೂ ಬಾಗಿಸಿದಂತೆ ನಿಲ್ಲುತ್ತದೆ, ಮೂಲೆ ಮಡಚಿದರೆ ಮಡಚಿದಂತೆಯೇ ಇರುತ್ತದೆ.

ಅಚ್ಚು ಮಾಡಲು ಒಂದು ಹಲಗೆಯ ಮೇಲೆ ಒಂದು ಮಿ.ಮೀ ದಪ್ಪದ ತಂತಿಗಳನ್ನು ಒಂದಕ್ಕೊಂದು ಸಮಾನಾಂತರವಾಗಿ, ನಡುನಡುವೆ 1.2 ಮಿ.ಮೀ ಜಾಗ ಬಿಟ್ಟು ಅಂಟಿಸಿ. ಹಾಳೆಯನ್ನು ಅದರ ಮೇಲಿಟ್ಟು, ತುದಿ ದುಂಡಗಿರುವ ಕಡ್ಡಿಯಿಂದ ಒಂದು ಅಂಚಿನಿಂದ ಆರಂಭಿಸಿ ಒಂದೊಂದೇ ತಗ್ಗನ್ನು ಒತ್ತುತ್ತಾ ಬನ್ನಿ. ಪ್ರತಿ ತಗ್ಗೂ ಹಾಳೆಯನ್ನು ತನ್ನತ್ತ ಸ್ವಲ್ಪ ಎಳೆದುಕೊಳ್ಳುತ್ತದೆ. ಎರಡೂ ಕಡೆ ಹಿಡಿದು ಒಮ್ಮೆಗೇ ಒತ್ತಿದರೆ ಹರಿಯುತ್ತದೆ. ಅಗಲವೂ ಕುಗ್ಗುವುದರಿಂದ ಮೊದಲು ಅಲೆ ಮಾಡಿ ಆಮೇಲೆ ಅಳತೆಗೆ ಕತ್ತರಿಸಿ. 2.4 ಮೀಟರ್ ಉದ್ದ, 80 ಸೆಂ.ಮೀ ಅಗಲದ ಒಂದು ತಗಡು ಇಲ್ಲಿ 69 ಮಿ.ಮೀ ಉದ್ದ, 23 ಮಿ.ಮೀ ಅಗಲ.

ಚಾವಣಿ ಒಂದೇ ಅಖಂಡ ಹಾಳೆಯಾಗಬಾರದು. ಬಿಡಿ ತಗಡುಗಳನ್ನೇ ಹೊದಿಸಿ. ಕೆಳಗಿನ ಸಾಲು ಮೊದಲು, ಅದರ ಮೇಲೆ ಮೇಲಿನ ಸಾಲಿನ ಅಂಚು. ಪ್ರತಿ ತಗಡೂ ತನ್ನ ಪಕ್ಕದ್ದನ್ನು ಒಂದೂವರೆ ಅಲೆಯಷ್ಟು ಮುಚ್ಚಲಿ. ಮೊಳೆಗಳು ಉಬ್ಬಿನ ಮೇಲೆ ಬರಬೇಕು. ತಗ್ಗಿನಲ್ಲಿ ನೀರು ಹರಿಯುವುದರಿಂದ ಅಲ್ಲಿ ಯಾರೂ ಮೊಳೆ ಹೊಡೆಯುವುದಿಲ್ಲ. ಗುಂಡುಸೂಜಿಯ ತುದಿಯಿಂದ ಬಿಳಿ ಗೋಂದಿನ ಚುಕ್ಕೆ ಇಟ್ಟರೆ ಅದೇ ಮೊಳೆಯ ತಲೆ.

ಬಣ್ಣಗಳ ಸರದಿ

ಬೆರಳಿನ ಜಿಡ್ಡು ಹೋಗುವಂತೆ ತಗಡನ್ನು ಸ್ಪಿರಿಟ್‌ನಿಂದ ಒರೆಸಿ, ಲೋಹಕ್ಕೆ ಹಿಡಿಯುವ ಪ್ರೈಮರ್ ತೆಳುವಾಗಿ ಹೊಡೆಯಿರಿ. ಕಿಟಕಿ ತೆರೆದಿರಲಿ, ಆವಿ ತಡೆಯುವ ಮುಖಗವಸು ಇರಲಿ. ಆಮೇಲಿನ ಮೂಲ ಬಣ್ಣ ನೀರಿನಲ್ಲಿ ಕಲಸುವ ಅಕ್ರಿಲಿಕ್ ಆಗಿರಲಿ, ಹಾಲಿನಷ್ಟು ತೆಳುವಾಗಿಸಿ ಎರಡು ಮೂರು ಸಲ ಹಚ್ಚಿ. ಅದರ ಮೇಲೆ ಹೊಳಪಿನ ಅಕ್ರಿಲಿಕ್ ವಾರ್ನಿಷ್, ಅದು ಒಣಗಿದ ನಂತರವೇ ಆಯಿಲ್ ಅಥವಾ ಎನಾಮೆಲ್. ಈ ಸರದಿಗೆ ಕಾರಣವಿದೆ. ಆಯಿಲ್ ಬಣ್ಣವನ್ನು ತೆಳುಮಾಡುವ ವೈಟ್ ಸ್ಪಿರಿಟ್ ಒಣಗಿದ ಅಕ್ರಿಲಿಕ್ ಅನ್ನು ಕರಗಿಸುವುದಿಲ್ಲ, ಹಾಗಾಗಿ ಮೇಲಿನ ತುಕ್ಕು ಇಷ್ಟವಾಗದಿದ್ದರೆ ಒರೆಸಿ ಮತ್ತೆ ಮಾಡಬಹುದು. ಹೊಳಪಿನ ಮೇಲ್ಮೈಯಲ್ಲಿ ತೆಳು ಬಣ್ಣ ಸಲೀಸಾಗಿ ಜಾರಿ ಸಂದುಗಳಿಗೆ ಇಳಿಯುತ್ತದೆ. ಮಂಕು ಮೇಲ್ಮೈ ಅದನ್ನು ಹೀರಿಕೊಂಡು ಮಚ್ಚೆ ಮಾಡುತ್ತದೆ.

ಮೂಲ ಬಣ್ಣ ನಿಜಕ್ಕಿಂತ ಒಂದು ಛಾಯೆ ತಿಳಿಯಾಗಿರಬೇಕು. ಮಾದರಿಯನ್ನು 35 ಸೆಂ.ಮೀ ದೂರದಿಂದ ನೋಡುವುದೆಂದರೆ ನಿಜವಾದ ಶೆಡ್ಡನ್ನು 12 ಮೀಟರ್ ಆಚೆಯಿಂದ ನೋಡಿದ ಲೆಕ್ಕ. ಅಷ್ಟು ದೂರದಲ್ಲಿ ಕಪ್ಪು ಕಪ್ಪಾಗಿ ಉಳಿಯುವುದಿಲ್ಲ, ಗಾಢ ಬೂದಿಯಾಗುತ್ತದೆ.

ತುಕ್ಕು

ತಗಡಿನ ಮೇಲೆ ಸತುವಿನ ಲೇಪ ಇರುತ್ತದೆ. ಹೊಸದರಲ್ಲಿ ಹೊಳೆಯುವ ಸತು ವರ್ಷ ಕಳೆದಂತೆ ಮಂಕು ಬೂದಿಗೆ ಇಳಿಯುತ್ತದೆ. ಲೇಪ ಸವೆದ ಮೇಲಷ್ಟೇ ಕಬ್ಬಿಣಕ್ಕೆ ತುಕ್ಕು. ಅದು ಹಿಡಿಯುವುದು ಕತ್ತರಿಸಿದ ಅಂಚಿನಲ್ಲಿ, ಮೊಳೆ ತೂರಿದ ತೂತಿನಲ್ಲಿ, ಎರಡು ತಗಡು ಒಂದರ ಮೇಲೊಂದು ಕೂತು ನೀರು ಒಣಗದೆ ನಿಲ್ಲುವ ಜಾಗದಲ್ಲಿ. ತಗಡಿನ ಬಯಲು ಭಾಗ ಕೊನೆಗೆ. ಹಾಗಾಗಿ ಚಾವಣಿಯ ಮುಕ್ಕಾಲು ಪಾಲು ಬೂದಿಯಾಗಿಯೇ ಉಳಿಯಲಿ, ಒಂದೊಂದು ತಗಡಿನ ಬೂದಿ ಒಂದೊಂದು ಛಾಯೆಯಲ್ಲಿ.

ಸ್ಪಾಂಜಿನ ಸಣ್ಣ ಚೂರನ್ನು ಚಿಮುಟದಲ್ಲಿ ಹಿಡಿದು ಗಾಢ ಕಂದು ಅಕ್ರಿಲಿಕ್‌ನಲ್ಲಿ ಅದ್ದಿ, ಹೆಚ್ಚಿನದನ್ನು ಕಾಗದಕ್ಕೆ ಒತ್ತಿ ತೆಗೆದು, ಅಂಚಿನಲ್ಲೂ ಜೋಡಣೆಯಲ್ಲೂ ಮೆಲ್ಲಗೆ ತಟ್ಟಿ. ಇದು ಹಳೆಯ ತುಕ್ಕು. ಅದರೊಳಗೆ ಕೆಂಗಂದು, ಕೆಂಗಂದಿನೊಳಗೆ ಅಲ್ಲಲ್ಲಿ ಮಾತ್ರ ಕಿತ್ತಳೆ. ಕಿತ್ತಳೆ ಎಂದರೆ ಈಗಷ್ಟೇ ಹಿಡಿಯುತ್ತಿರುವ ತುಕ್ಕು, ಅದು ಎಲ್ಲೆಡೆ ಇರಲು ಸಾಧ್ಯವಿಲ್ಲ. ಆರಂಭಿಕರ ಚಾವಣಿಗಳಲ್ಲಿ ಕಿತ್ತಳೆಯೇ ತುಂಬಿರುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ, ಏಕೆಂದರೆ ಅದರ ಕೆಳಗಿನ ಜೋಡಣೆಯ ಕೆಲಸ ಬಹಳ ಸಲ ಅಚ್ಚುಕಟ್ಟಾಗಿರುತ್ತದೆ.

ಮೊಳೆಯಿಂದ ಇಳಿಯುವ ಗೆರೆಗಳಿಗೆ ಆಯಿಲ್ ಬಣ್ಣ. ಟ್ಯೂಬಿನಿಂದ ಹಿಂಡಿದ ಬಣ್ಣವನ್ನು ರಟ್ಟಿನ ಮೇಲೆ ಸ್ವಲ್ಪ ಹೊತ್ತು ಬಿಟ್ಟರೆ ರಟ್ಟು ಅಗಸೆ ಎಣ್ಣೆಯನ್ನು ಹೀರಿಕೊಳ್ಳುತ್ತದೆ, ಬಣ್ಣ ಬೇಗ ಮತ್ತು ಮಂಕಾಗಿ ಒಣಗುತ್ತದೆ. ಮೊಳೆಯ ತಲೆಯ ಮೇಲೆ ಕಂದು ಚುಕ್ಕೆಯಿಡಿ. ವೈಟ್ ಸ್ಪಿರಿಟ್‌ನಲ್ಲಿ ಅದ್ದಿ ಬಟ್ಟೆಗೆ ಒರೆಸಿದ ಚಪ್ಪಟೆ ಕುಂಚದಿಂದ ಆ ಚುಕ್ಕೆಯನ್ನು ಪಕ್ಕದ ತಗ್ಗಿಗೆ ಜಾರಿಸಿ, ಅಲ್ಲಿಂದ ಇಳಿಜಾರಿನಲ್ಲಿ ಕೆಳಕ್ಕೆ ಎಳೆಯಿರಿ. ನೀರು ಹೋಗುವ ದಾರಿ ಅದೇ: ಉಬ್ಬಿನಿಂದ ತಗ್ಗಿಗೆ, ತಗ್ಗಿನಿಂದ ಸೂರಿಗೆ. ಮೊಳೆಯ ಬಳಿ ಗಾಢವಾಗಿದ್ದ ಗೆರೆ ಕೆಳಗೆ ಹೋದಂತೆ ಕರಗಬೇಕು. ಒಂದು ಮೊಳೆಗೆ ಉದ್ದ ಗೆರೆ, ಇನ್ನೊಂದಕ್ಕೆ ಬರೀ ಉಂಗುರ, ಮತ್ತೊಂದಕ್ಕೆ ಏನೂ ಬೇಡ.

ಡ್ರಮ್ಮಿಗೆ ಹೇರ್‌ಸ್ಪ್ರೇ

200 ಲೀಟರಿನ ಡ್ರಮ್ಮಿನ ಎತ್ತರ ಸುಮಾರು 88 ಸೆಂ.ಮೀ, ಮಾದರಿಯಲ್ಲಿ 25 ಮಿ.ಮೀ. ಇದರ ಪೇಂಟ್ ಎದ್ದುಹೋಗಿ ಒಳಗಿನ ತುಕ್ಕು ಕಾಣಬೇಕಾದರೆ ಬಣ್ಣವನ್ನು ನಿಜವಾಗಿಯೇ ಎಬ್ಬಿಸುವುದು ಒಳ್ಳೆಯ ಉಪಾಯ. ಮೊದಲು ತುಕ್ಕಿನ ಬಣ್ಣ ಹಚ್ಚಿ ವಾರ್ನಿಷ್‌ನಿಂದ ಭದ್ರಪಡಿಸಿ. ಅದರ ಮೇಲೆ ಎರಡು ಪದರ ಹೇರ್‌ಸ್ಪ್ರೇ, ಒಣಗಿದ ಬಳಿಕ ನೀಲಿಯೋ ಹಸಿರೋ ಅಕ್ರಿಲಿಕ್. ಬಣ್ಣ ಮುಟ್ಟುವಷ್ಟು ಒಣಗಿದೊಡನೆ, ಗಟ್ಟಿಯಾಗಲು ಬಿಡದೆ, ನೀರು ಸವರಿ ಗಿಡ್ಡ ಕೂದಲಿನ ಕುಂಚದಿಂದ ತಟ್ಟುತ್ತಾ ಹೋಗಿ. ನೀರು ಕೆಳಗಿನ ಹೇರ್‌ಸ್ಪ್ರೇಯನ್ನು ಕರಗಿಸಿ ಮೇಲಿನ ಬಣ್ಣ ಚಕ್ಕೆಯಾಗಿ ಏಳುತ್ತದೆ. ಉರುಳಿಸುವಾಗ ನೆಲಕ್ಕೆ ತಾಗುವ ಎರಡು ಉಂಗುರಗಳು ಮತ್ತು ಮೇಲಂಚಿನಲ್ಲಿ ಹೆಚ್ಚು ಎಬ್ಬಿಸಿ, ನಡುವೆ ಕಡಿಮೆ. ಆ ಉಂಗುರಗಳ ಮೇಲೆ ಮೆತ್ತನೆಯ ಪೆನ್ಸಿಲ್ ಉಜ್ಜಿದರೆ ಸವೆದ ಲೋಹದ ಮಿಂಚು ಬರುತ್ತದೆ.

ಕೈ ತಗಲಿದ ಜಾಗ

ಚಿಲಕದ ಸುತ್ತ ಮರಕ್ಕೆ ಜಿಡ್ಡು ಕೂತು ಕಪ್ಪಾಗಿ ತುಸು ಹೊಳೆಯುತ್ತದೆ. ಅರೆಹೊಳಪಿನ ವಾರ್ನಿಷ್‌ಗೆ ಚೂರು ಕಂದು ಬೆರೆಸಿ ಅಲ್ಲಿ ಮಾತ್ರ ಹಚ್ಚಿ. ಹೊಸ್ತಿಲು ನಡುವೆ ಸವೆದಿರಲಿ, ಎರಡು ತುದಿಗಳಲ್ಲಿ ಅಲ್ಲ.

ನೆಲ

ಗಟ್ಟಿ ಫೋಮ್ ಹಲಗೆಯನ್ನು ತಳವಾಗಿಸಿ ಅದಕ್ಕೆ ಮೊದಲೇ ಬಿಳಿ ಗೋಂದು ಬಳಿದಿಡಿ. ಸ್ಪ್ರೇ ಬಣ್ಣದ ದ್ರಾವಕ ನೇರವಾಗಿ ತಗಲಿದರೆ ಫೋಮ್ ಕರಗಿ ಗುಳಿ ಬೀಳುತ್ತದೆ. ಶೆಡ್ಡಿನ ಗೋಡೆ ತಳದ ಅಂಚಿಗೆ ಸಮಾನಾಂತರವಾಗಿ ನಿಲ್ಲದೆ ಸ್ವಲ್ಪ ಓರೆಯಾಗಿರಲಿ, ದೃಶ್ಯ ದೊಡ್ಡದೊಂದು ಜಾಗದಿಂದ ಕತ್ತರಿಸಿ ತಂದಂತೆ ಕಾಣುತ್ತದೆ.

ಒಂದು ಮಿ.ಮೀ ಮರಳಿನ ಕಣ ಇಲ್ಲಿ ಮೂರೂವರೆ ಸೆಂ.ಮೀ ಕಲ್ಲು. ಆದ್ದರಿಂದ ಮಣ್ಣನ್ನು ಚೆನ್ನಾಗಿ ಬಿಸಿಮಾಡಿ ಒಣಗಿಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿದು ನುಣುಪು ಪುಡಿಯನ್ನೇ ಹೆಚ್ಚಾಗಿ ಬಳಸಿ. ಮಣ್ಣು ಉದುರಿಸಿ ನೀರು ಸಿಂಪಡಿಸಿ. ಸಮಭಾಗ ನೀರು ಬೆರೆಸಿದ ಗೋಂದಿಗೆ ಒಂದು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ ಡ್ರಾಪರ್‌ನಿಂದ ಬಿಡಿ. ಆ ಹನಿ ಇಲ್ಲದಿದ್ದರೆ ಗೋಂದು ಮಣ್ಣಿನೊಳಗೆ ಇಳಿಯದೆ ಮೇಲೆಯೇ ಮಣಿಯಾಗಿ ನಿಲ್ಲುತ್ತದೆ.

ಗೋಂದು ಹಸಿಯಿರುವಾಗಲೇ ಮಾಡಬೇಕಾದ ಒಂದು ಕೆಲಸ ನನಗೆ ಇಡೀ ಡಯೊರಾಮಾದಲ್ಲಿ ಅತಿ ಪ್ರಿಯವಾದದ್ದು. ಚಾವಣಿಯ ಪ್ರತಿಯೊಂದು ತಗ್ಗಿನಿಂದಲೂ ನೀರು ಸುರಿದು ನೆಲದಲ್ಲಿ ಗುಳಿಯ ಸಾಲು ಬಿದ್ದಿರುತ್ತದೆ. ಸೂರಿನ ಅಂಚಿನಿಂದ ನೇರ ಕೆಳಗೆ, 2.2 ಮಿ.ಮೀ ಅಂತರದಲ್ಲಿ, ಹಲ್ಲುಕಡ್ಡಿಯಿಂದ ಆ ಸಾಲನ್ನು ಚುಚ್ಚಿ. ಗುಳಿಗಳೊಳಗೆ ಸಣ್ಣ ಕಲ್ಲು ಉಳಿದಿರುತ್ತದೆ, ನಯ ಮಣ್ಣು ತೊಳೆದುಹೋಗಿರುತ್ತದೆ. ಅಲ್ಲಿಂದ ಚಿಮ್ಮಿದ ಕೆಸರು ಹಲಗೆ ಗೋಡೆಯ ಬುಡದಲ್ಲಿ ಮೊಣಕಾಲಿಗಿಂತ ಕೆಳಗೆ, ಅಂದರೆ ಮಾದರಿಯಲ್ಲಿ ಒಂದು ಸೆಂ.ಮೀ ಒಳಗೆ ಅಂಟಿರುತ್ತದೆ. ಗಟ್ಟಿ ಕುಂಚವನ್ನು ತೆಳು ಕೆಸರು ಬಣ್ಣದಲ್ಲಿ ಅದ್ದಿ ಬೆರಳಿನಿಂದ ಮೀಟಿ ಎರಚಿ. ಗೋಡೆಯ ಮೇಲ್ಭಾಗಕ್ಕೆ ಕಾಗದ ಅಡ್ಡವಿರಲಿ. ಹುಲ್ಲು ಕಾಲು ಬೀಳದ ಮೂಲೆಗಳಲ್ಲಿ, ಡ್ರಮ್ಮಿನ ಹಿಂದೆ, ಗೋಡೆಯ ಬುಡದಲ್ಲಿ. ಬಾಗಿಲ ಮುಂದೆ ಬೇಡ.

ಕೊನೆಗೆ ಧೂಳು

ಹೊಳಪನ್ನೆಲ್ಲ ಮಂಕು ವಾರ್ನಿಷ್‌ನಿಂದ ತಗ್ಗಿಸಿ. ಚಿಲಕದ ಜಿಡ್ಡಿನ ಹೊಳಪು ಮಾತ್ರ ಉಳಿಯುವಂತೆ ಅದನ್ನು ಮುಚ್ಚಿಕೊಳ್ಳಿ. ನಂತರ ಪಿಗ್ಮೆಂಟ್ ಎಂಬ ನುಣುಪಾದ ಒಣ ಬಣ್ಣದ ಪುಡಿಯನ್ನು ಒಣ ಕುಂಚದಿಂದ ಡ್ರಮ್ಮಿನ ಮುಚ್ಚಳದ ಮೇಲೆ, ಚೌಕಟ್ಟಿನ ಅಂಚುಗಳ ಮೇಲೆ, ಗೋಡೆಯ ಬುಡದಲ್ಲಿ ಇಡಿ. ನೆಲಕ್ಕೆ ಬಳಸಿದ ಬಣ್ಣದ ಪುಡಿಯೇ ಆಗಿರಬೇಕು. ಕೆಂಪು ಮಣ್ಣಿನ ಅಂಗಳದಲ್ಲಿ ನಿಂತ ಶೆಡ್ಡಿಗೆ ಬಿಳಿ ಧೂಳು ಬರುವುದಿಲ್ಲ. ಕುಂಚದ ತುದಿಯಿಂದ ಒಂದು ಹನಿ ವೈಟ್ ಸ್ಪಿರಿಟ್ ತಾಗಿಸಿದರೆ ಪುಡಿ ತಾನಾಗಿ ಹೀರಿಕೊಂಡು ಕೂರುತ್ತದೆ. ಮೇಲೆ ಮತ್ತೆ ವಾರ್ನಿಷ್ ಹೊಡೆದರೆ ಧೂಳು ಮಾಯವಾಗುತ್ತದೆ, ಆದ್ದರಿಂದ ಇದು ಕೊನೆಯ ಪದರ.

ಪುಡಿಯನ್ನು ಭದ್ರವಾಗಿ ಹಿಡಿಯುವ ಪದರ ಇಲ್ಲದ ಕಾರಣ ಮುಗಿದ ಡಯೊರಾಮಾವನ್ನು ಒರೆಸಲಾಗುವುದಿಲ್ಲ, ಊದಲೂ ಆಗದು. ಪಾರದರ್ಶಕ ಅಕ್ರಿಲಿಕ್ ಪೆಟ್ಟಿಗೆ ಮೊದಲೇ ಸಿದ್ಧವಿರಲಿ. ಆಯಿಲ್ ಬಣ್ಣ ಪೂರ್ತಿ ಒಣಗಲು ದಿನಗಳೇ ಬೇಕು. ಅದಕ್ಕೂ ಮೊದಲು ಮುಚ್ಚಿದರೆ ಒಳಗಿನ ಆವಿ ಪೆಟ್ಟಿಗೆಯ ಗೋಡೆಗೆ ಮಬ್ಬು ಹಿಡಿಸುತ್ತದೆ. ಇಡುವ ಜಾಗ ನೇರ ಬಿಸಿಲಿನಿಂದ ದೂರವಿರಲಿ, ಶೆಡ್ಡಿನ ಬಾಗಿಲು ನೋಡುವವರ ಕಣ್ಣಿನ ಮಟ್ಟಕ್ಕೆ ಹತ್ತಿರವಿರಲಿ.