ಅಮೆರಿಕದ ಟ್ಯಾಕ್ಸ್ ರಿಟರ್ನ್‌ನಲ್ಲಿ ಅಮ್ಮನ ಹೆಸರು ಹಾಕುವ ಮೊದಲು

ಅಮ್ಮ ಗ್ರೀನ್ ಕಾರ್ಡ್ ಮೇಲೆ ನ್ಯೂಜೆರ್ಸಿಗೆ ಬಂದು ನಮ್ಮ ಜೊತೆಗೇ ಇದ್ದಾರೆ. ಊಟ, ರೂಮು, ಡಾಕ್ಟರು ಎಲ್ಲ ನಮ್ಮ ಖರ್ಚು. ಹಾಗಾಗಿ 2024ರ ರಿಟರ್ನ್‌ನಲ್ಲಿ ಅವರನ್ನು ಡಿಪೆಂಡೆಂಟ್, ಅಂದರೆ ನಮ್ಮ ಮೇಲೆ ಅವಲಂಬಿತರು, ಅಂತ ಹಾಕಿಬಿಟ್ಟೆವು. ರಿಟರ್ನ್ ಮಾಡಿಕೊಟ್ಟವರು ಕೇಳಿದ್ದು ಒಂದೇ ಪ್ರಶ್ನೆ, "ನಿಮ್ಮ ಜೊತೆ ಇದ್ದಾರಾ?" ಮೈಸೂರಿನ ಬ್ಯಾಂಕಿನಲ್ಲಿರುವ ಎಫ್‌ಡಿ ಬಗ್ಗೆ ಅವರು ಕೇಳಲಿಲ್ಲ, ನಮಗೂ ಹೊಳೆಯಲಿಲ್ಲ.

ಜೂನ್‌ನಲ್ಲಿ ಅಮ್ಮ ಬಡ್ಡಿ ಸರ್ಟಿಫಿಕೇಟ್ ಪ್ರಿಂಟ್ ತೆಗೆದುಕೊಡು ಅಂದರು. ನೋಡಿದರೆ ಅಪ್ಪ ಬಿಟ್ಟುಹೋದ ದುಡ್ಡಿಗೆ ವರ್ಷಕ್ಕೆ 4,60,000 ರೂಪಾಯಿ ಬಡ್ಡಿ! ಡಾಲರ್ ಲೆಕ್ಕದಲ್ಲಿ ಹತ್ತಿರ ಹತ್ತಿರ 5,500. ಆ ವರ್ಷ ಡಿಪೆಂಡೆಂಟ್ ಆದವರ ಆದಾಯ 5,050 ಡಾಲರ್‌ಗಿಂತ ಕಡಿಮೆ ಇರಬೇಕಿತ್ತು. ಕೊನೆಗೆ ರಿಟರ್ನ್ ತಿದ್ದುವ 1040-ಎಕ್ಸ್ ಫಾರ್ಮ್ ಹಾಕಿ, ಅಮ್ಮನ ಹೆಸರಿನಿಂದ ತೆರಿಗೆಯಲ್ಲಿ ಸಿಕ್ಕಿದ್ದ 500 ಡಾಲರ್ ರಿಯಾಯಿತಿ ವಾಪಸ್ ಕಟ್ಟಿ, ಮೇಲೆ ಬಡ್ಡಿಯನ್ನೂ ಕೊಟ್ಟೆವು.

ಅದಕ್ಕೇ ಹೇಳುವುದು, ಮೊದಲು ಅವರ ಆದಾಯ ನೋಡಿ. 2025ರ ರಿಟರ್ನ್‌ಗೆ ಮಿತಿ 5,200 ಡಾಲರ್. ಗ್ರೀನ್ ಕಾರ್ಡ್ ಇದ್ದವರಿಗೆ ಊರಿನ ಎಫ್‌ಡಿ ಬಡ್ಡಿ, ಮನೆ ಬಾಡಿಗೆ ಎಲ್ಲವೂ ಇದರಲ್ಲಿ ಸೇರುತ್ತದೆ. ದುಡ್ಡು ಇಲ್ಲಿಗೆ ಬಂದಿಲ್ಲ ಅನ್ನುವ ವಾದ ನಡೆಯುವುದಿಲ್ಲ. ಇನ್ನೊಂದು ಕಿರಿಕಿರಿ: ಊರಿನ ಸರ್ಟಿಫಿಕೇಟ್ ಏಪ್ರಿಲ್‌ನಿಂದ ಮಾರ್ಚ್‌ವರೆಗಿನದು, ಇಲ್ಲಿಗೆ ಬೇಕಾದದ್ದು ಜನವರಿಯಿಂದ ಡಿಸೆಂಬರ್. ಪಾಸ್‌ಬುಕ್ ಇಟ್ಟುಕೊಂಡು ನೀವೇ ಕೂಡಿಸಬೇಕು. ಅವರ ವಿದೇಶಿ ಖಾತೆಗಳಲ್ಲಿ ವರ್ಷದ ಯಾವುದೇ ದಿನ ಒಟ್ಟು 10,000 ಡಾಲರ್ ದಾಟಿದ್ದರೆ ಅವರ ಹೆಸರಿನಲ್ಲಿ ಎಫ್‌ಬಾರ್ (ವಿದೇಶಿ ಖಾತೆಗಳ ವಿವರ ಕೊಡುವ ಫಾರ್ಮ್) ಕೂಡ ಹಾಕಬೇಕು. ಇದನ್ನು ಮರೆಯುವವರೇ ಜಾಸ್ತಿ.

ಎರಡನೆಯದು ಖರ್ಚು. ವರ್ಷದಲ್ಲಿ ಅವರಿಗಾಗಿ ಆದ ಒಟ್ಟು ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ನಿಮ್ಮದಾಗಿರಬೇಕು. ಅಮೆರಿಕದ ತೆರಿಗೆ ಇಲಾಖೆಯ ಪಬ್ಲಿಕೇಷನ್ 501ರಲ್ಲಿ ಇದಕ್ಕೊಂದು ವರ್ಕ್‌ಶೀಟ್ ಇದೆ. ನಮ್ಮ ಲೆಕ್ಕ ಹೀಗಿತ್ತು. ನಮ್ಮಂಥ ಮನೆಗೆ ತಿಂಗಳ ಬಾಡಿಗೆ 2,400 ಡಾಲರ್ ಬರಬಹುದು, ನಾವು ನಾಲ್ಕು ಜನ. ಅಂದರೆ ಅಮ್ಮನ ಪಾಲು 600, ವರ್ಷಕ್ಕೆ 7,200. ಸ್ವಂತ ಮನೆಯಾದರೂ ಹೀಗೇ, ಸಾಲದ ಕಂತು ಲೆಕ್ಕಕ್ಕಿಲ್ಲ, ಬಾಡಿಗೆಗೆ ಕೊಟ್ಟರೆ ಎಷ್ಟು ಬರುತ್ತದೆ ಅನ್ನುವುದು ಮುಖ್ಯ. ದಿನಸಿಯಲ್ಲಿ ಕಾಲು ಪಾಲು 2,700. ಇನ್ಶೂರೆನ್ಸ್ 6,000. ಔಷಧಿ, ಡಾಕ್ಟರ್ 1,100. ಊರಿಗೆ ಹೋಗಿಬರುವ ಟಿಕೆಟ್ 1,600. ಒಟ್ಟು 18,600. ಟಿಕೆಟ್ ಮಾತ್ರ ಅಮ್ಮ ಹಟ ಮಾಡಿ ತಮ್ಮ ದುಡ್ಡಲ್ಲೇ ತೆಗೆದುಕೊಂಡರು. ಉಳಿದ 17,000 ನಮ್ಮದು, ಸುಲಭವಾಗಿ ಅರ್ಧ ದಾಟಿತು. ಅವರು ಬ್ಯಾಂಕಿನಲ್ಲೇ ಬಿಟ್ಟ ದುಡ್ಡು ಇಲ್ಲಿ ಎಣಿಕೆಗೆ ಬರುವುದಿಲ್ಲ, ತಮಗಾಗಿ ಖರ್ಚು ಮಾಡಿದ್ದು ಮಾತ್ರ ಬರುತ್ತದೆ.

ಒಂದೇ ಮನೆಯಲ್ಲಿ ಇರಬೇಕೆಂದೇನೂ ಇಲ್ಲ. ಅಪ್ಪ, ಅಮ್ಮ, ಅತ್ತೆ, ಮಾವ ಬೇರೆ ಮನೆಯಲ್ಲಿದ್ದರೂ ನಡೆಯುತ್ತದೆ. ಆದರೆ ಅಮೆರಿಕದ ಪ್ರಜೆಯಲ್ಲದೆ ಊರಲ್ಲೇ ಇರುವವರಾದರೆ ಆಗುವುದಿಲ್ಲ, ನೀವು ತಿಂಗಳು ತಿಂಗಳು ಎಷ್ಟೇ ದುಡ್ಡು ಕಳಿಸಿದರೂ ಅಷ್ಟೇ. ಅವರು ಅಮೆರಿಕದ ಪ್ರಜೆ ಅಥವಾ ತೆರಿಗೆ ಲೆಕ್ಕದಲ್ಲಿ ಇಲ್ಲಿನ ನಿವಾಸಿ ಆಗಿರಬೇಕು. ಕೆನಡಾ, ಮೆಕ್ಸಿಕೋದಲ್ಲಿ ಇರುವವರನ್ನು ಡಿಪೆಂಡೆಂಟ್ ಮಾಡಬಹುದು, ಆದರೆ 500 ಡಾಲರ್ ಸಿಗುವುದಿಲ್ಲ. ಭಾರತಕ್ಕೆ ಆ ಭಾಗ್ಯವೂ ಇಲ್ಲ.

ಇಷ್ಟು ಸರಿಯಾದರೆ ಉಳಿದದ್ದು ಸುಲಭ. ಫಾರ್ಮ್ 1040ರ ಡಿಪೆಂಡೆಂಟ್ ಜಾಗದಲ್ಲಿ ಹೆಸರು, ಸೋಷಿಯಲ್ ಸೆಕ್ಯುರಿಟಿ ನಂಬರ್, ಸಂಬಂಧ ಬರೆದು ಕ್ರೆಡಿಟ್ ಫಾರ್ ಅದರ್ ಡಿಪೆಂಡೆಂಟ್ಸ್ ಚೌಕಕ್ಕೆ ಟಿಕ್ ಹಾಕಿ. ನೀವು ಕಟ್ಟಬೇಕಾದ ತೆರಿಗೆಯಲ್ಲಿ 500 ಡಾಲರ್‌ವರೆಗೆ ಕಳೆಯುತ್ತದೆ. ತೆರಿಗೆಯೇ ಇಲ್ಲದಿದ್ದರೆ ಕೈಗೆ ಏನೂ ಬರುವುದಿಲ್ಲ. ಗಂಡ ಹೆಂಡತಿ ಒಟ್ಟಿಗೆ ಹಾಕುವವರ ಆದಾಯ 4 ಲಕ್ಷ ಡಾಲರ್, ಒಬ್ಬರೇ ಇರುವವರ ಆದಾಯ 2 ಲಕ್ಷ ಡಾಲರ್ ದಾಟಿದರೆ ಇದು ಕರಗುತ್ತಾ ಹೋಗುತ್ತದೆ. ಮದುವೆಯಾಗದವರು ಅಮ್ಮನ ಮನೆ ನಡೆಸುವ ಖರ್ಚಿನಲ್ಲೂ ಅರ್ಧಕ್ಕಿಂತ ಹೆಚ್ಚು ಹಾಕುತ್ತಿದ್ದರೆ ಹೆಡ್ ಆಫ್ ಹೌಸ್‌ಹೋಲ್ಡ್ (ಮನೆ ನಡೆಸುವವರು) ಅನ್ನುವ ವರ್ಗದಲ್ಲಿ ರಿಟರ್ನ್ ಹಾಕಬಹುದು. ನಿಜವಾದ ಲಾಭ ಇರುವುದು ಅಲ್ಲೇ: 2025ಕ್ಕೆ ಸ್ಟ್ಯಾಂಡರ್ಡ್ ಡಿಡಕ್ಷನ್ (ತೆರಿಗೆ ಹಾಕುವ ಮೊದಲು ಆದಾಯದಲ್ಲಿ ಕಳೆಯುವ ಮೊತ್ತ) 15,750ರ ಬದಲು 23,625 ಡಾಲರ್.

ಅಣ್ಣ ತಮ್ಮಂದಿರು ಸೇರಿ ನೋಡಿಕೊಳ್ಳುತ್ತಿದ್ದು ಯಾರೊಬ್ಬರದ್ದೂ ಅರ್ಧ ದಾಟದಿದ್ದರೆ ಫಾರ್ಮ್ 2120 ಇದೆ. ಶೇಕಡಾ 10ಕ್ಕಿಂತ ಹೆಚ್ಚು ಕೊಟ್ಟವರಲ್ಲಿ ಒಬ್ಬರು ಕ್ಲೇಮ್ ಮಾಡಬಹುದು, ಅಷ್ಟು ಕೊಟ್ಟ ಉಳಿದವರು ಈ ವರ್ಷ ನಾವು ಮಾಡುವುದಿಲ್ಲ ಅಂತ ಸಹಿ ಹಾಕಿ ಕೊಡಬೇಕು. ಯಾರು ಅನ್ನುವುದನ್ನು ಜನವರಿಯಲ್ಲೇ ಫೋನ್ ಮಾಡಿ ಮಾತಾಡಿಕೊಳ್ಳಿ. ಏಪ್ರಿಲ್ ಹದಿನಾಲ್ಕರ ರಾತ್ರಿ ಆ ಜಗಳ ಬೇಡ.