ಡಯಾಲಿಸಿಸ್ ವ್ಯಾನ್ ತಡವಾಗುತ್ತಿತ್ತು: ಶೆಡ್ಯೂಲ್ ಸೆಟ್ಟಿಂಗ್‌ನಲ್ಲಿ ಬದಲಿಸಿದ್ದು

ಕಲಬುರಗಿಯಲ್ಲಿ ವೀಲ್‌ಚೇರ್ ರೋಗಿಗಳನ್ನು ಡಯಾಲಿಸಿಸ್‌ಗೆ ಕರೆದೊಯ್ಯುವ ಮೂರು ವ್ಯಾನ್‌ಗಳ ಟ್ರಿಪ್ ಹಾಕುವುದು ನನ್ನ ಕೆಲಸ. ರಿಜಿಸ್ಟರ್ ಬಿಟ್ಟು ಕಂಪ್ಯೂಟರ್‌ಗೆ ಬಂದ ಮೇಲೆ ಮೊದಲ ಟ್ರಿಪ್ ಸರಿಯಾಗಿರುತ್ತಿತ್ತು, ಮೂರನೆಯದಕ್ಕೆ ಅರ್ಧ ಗಂಟೆ ತಡ.

ಸಾಫ್ಟ್‌ವೇರ್‌ನಲ್ಲಿ ಸರಾಸರಿ ವೇಗ ಗಂಟೆಗೆ 30ರಿಂದ 20 ಕಿ.ಮೀ.ಗೆ ಇಳಿಸಿದೆ. ಸೇಡಂ ರಸ್ತೆಯಲ್ಲಿ ವ್ಯಾನ್ ಬೇಗ ಹೋಗಿ ಸುಮ್ನೆ ಕಾಯುತ್ತಿತ್ತು, ಗಂಜ್ ಕಡೆ ತಡ ಹಾಗೇ ಇತ್ತು. ಡ್ರೈವರ್‌ಗಳ ಪಾಳಿ ಬದಲಿಸಿದೆ, ಅದೂ ಆಗಲಿಲ್ಲ.

ಕೊನೆಗೆ ವ್ಯಾನಿನಲ್ಲೇ ಕೂತು ಟೈಮ್ ನೋಡಿದೆ. ರ‍್ಯಾಂಪ್ ಇಳಿಸಿ, ಕುರ್ಚಿ ಹತ್ತಿಸಿ, ಅದರ ನಾಲ್ಕೂ ಮೂಲೆಗೆ ಪಟ್ಟಿ ಬಿಗಿದು, ರೋಗಿಗೆ ಬೇರೆ ಬೆಲ್ಟ್ ಹಾಕುವಷ್ಟರಲ್ಲಿ 8 ನಿಮಿಷ. ಸಾಫ್ಟ್‌ವೇರ್ ಎಲ್ಲರಿಗೂ 1 ನಿಮಿಷ ಹಿಡಿದಿತ್ತು. ಈ ಪಟ್ಟಿ ಬಿಗಿಯುವುದರಲ್ಲಿ ಅವಸರ ಮಾಡಲೇಬಾರದು.

ಮಾಡಿದ ಕ್ರಮ ಇದು. ಮೊದಲು ಪ್ರತಿ ರೋಗಿಯ ಹೆಸರಿನಲ್ಲಿ ಹತ್ತುವ ಸಮಯ ತುಂಬಿದೆ: ವೀಲ್‌ಚೇರ್‌ಗೆ 8, ವಾಕರ್‌ಗೆ 4, ನಡೆಯುವವರಿಗೆ 2. ಇಳಿಯಲು ವೀಲ್‌ಚೇರ್‌ಗೆ 6. ವೇಗ ವಾಪಸ್ 30. ಆಮೇಲೆ ಮನೆಯಿಂದ ಹೊರಡುವ ಸಮಯ ಖಾಲಿ ಬಿಟ್ಟು, ಆಸ್ಪತ್ರೆ ತಲುಪಬೇಕಾದ ಸಮಯ ಮಾತ್ರ ಕೊಟ್ಟೆ. ಅಲ್ಲಿಂದ ಹಿಂದಕ್ಕೆ ಎಣಿಸಿ ಹೊರಡುವ ಸಮಯ ಸಾಫ್ಟ್‌ವೇರೇ ಹಾಕುತ್ತದೆ.

ವಾಪಸ್ ಟ್ರಿಪ್‌ಗೆ ಸಮಯ ಕೊಡಲೇಬೇಡಿ. ಡಯಾಲಿಸಿಸ್ ಸುಮಾರು 4 ಗಂಟೆ ನಿಜ, ಆದರೆ ಸೂಜಿ ತೆಗೆದ ಮೇಲೆ ರಕ್ತ ನಿಲ್ಲಬೇಕು, ಬಿಪಿ ನೋಡಬೇಕು ಅಲ್ವಾ? 'ಫೋನ್ ಬಂದ ಮೇಲೆ' ಅಂತ ಇಟ್ಟು ಒಂದು ವ್ಯಾನ್ ಅದಕ್ಕೇ ಬಿಟ್ಟೆ.

ಹಳೆಯ ಶೆಡ್ಯೂಲ್ ಅಳಿಸಿ ಹೊಸದಾಗಿ ಮಾಡಿಸಿ. ಮೊದಲೇ ಹಾಕಿದ ಟ್ರಿಪ್‌ಗಳಲ್ಲಿ ಹಳೆಯ 1 ನಿಮಿಷವೇ ಉಳಿದಿರುತ್ತದೆ. ನನಗೆ ಎರಡು ದಿನ ಹೋಗಿದ್ದು ಇಲ್ಲೇ.